ಸಿಲ್ವರ್ ಓಕ್ ತೋಟಕ್ಕೆ ಕಾಡುಮರ ಮರಳಿ ತರುವ ಬಗೆ: ಬೀಜ, ಕಪಾತು, ತೋಡಿನ ಬದಿ, ಆನೆ ದಾರಿ

ಮೂರೆಕರೆ:
ಕೊಡಗಿನ ಮಾದಾಪುರ ಕಡೆಯ ಜಾಗ. ಎರಡು ಎಕರೆ ಅರೇಬಿಕಾ, ಒಂದು ಎಕರೆ ರೊಬಸ್ಟಾ. ಮೇಲ್ನೆರಳು ಬಹುತೇಕ ಸಿಲ್ವರ್ ಓಕ್, ಎಕರೆಗೆ ಸುಮಾರು 180. ಅದರಲ್ಲಿ ಮೂರನೇ ಎರಡು ಪಾಲು ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ. ತಗ್ಗಿನಲ್ಲಿ ವರ್ಷವಿಡೀ ಹರಿಯುವ ತೋಡು, ಮೇಲ್ಗಡೆ ಗಡಿಗೆ ತಾಗಿ ದೇವರಕಾಡು. ಬೇಸಿಗೆಯಲ್ಲಿ ಆನೆ ತೋಡಿಗೆ ಇಳಿಯುತ್ತವೆ. ನೆರಳನ್ನು ಮತ್ತೆ ಕಾಡುಮರಕ್ಕೆ ತಿರುಗಿಸಬೇಕು, ಆದರೆ ಕಾಫಿ, ಮೆಣಸಿನ ಆದಾಯ ನಿಲ್ಲಬಾರದು. ಎಷ್ಟು ಗಿಡ, ಯಾವ ಜಾತಿ, ಯಾವಾಗ ನೆಡಬೇಕು? ಓಕ್ ತೆಗೆಯುವ ಕ್ರಮ ಏನು?

ಬೀಜಬುಟ್ಟಿ:
ಸರ್, ಲೆಕ್ಕದಿಂದ ಶುರು ಮಾಡೋಣ. ಬೆಳೆದ ಕಾಡುಮರಕ್ಕೆ 40 ಅಡಿ ಅಂತರ ಬೇಕು. ಒಂದು ಎಕರೆ ಅಂದರೆ 43,560 ಚದರ ಅಡಿ, ಅದನ್ನು 1,600ರಿಂದ ಭಾಗಿಸಿದರೆ 27 ಮರ. ಮೂರು ಎಕರೆಗೆ ಕೊನೆಗೆ ಉಳಿಯಬೇಕಾದದ್ದು ಸುಮಾರು 80 ಮರ ಮಾತ್ರ. ಸಾಯುವುದು, ಸೊಟ್ಟಗಾಗುವುದು, ಕಡವೆ ತಿನ್ನುವುದು ಎಲ್ಲ ಸೇರಿಸಿ ಎಕರೆಗೆ 50ರಂತೆ 150 ಗಿಡ ಬೆಳೆಸಿದರೆ ಸಾಕು. ಒಂದೇ ಮಳೆಗಾಲಕ್ಕೆ ಸಾವಿರ ಗಿಡ ತಂದು ನೆಟ್ಟ ತೋಟಗಳಲ್ಲಿ ಮೂರನೇ ವರ್ಷ ನೋಡಿದರೆ ಕಳೆಯೊಳಗೆ ಕೋಲು ಮಾತ್ರ ಉಳಿದಿರುತ್ತದೆ. ಸಾವಿರ ಗಿಡಕ್ಕೆ ಬುಡದ ಕಳೆ ಬಿಡಿಸುವಷ್ಟು ಆಳು ಯಾರಿಗೂ ಸಿಗುವುದಿಲ್ಲ.

ಈಗ ಮುಖ್ಯ ಮಾತು. ನಿಮ್ಮ ಪಕ್ಕದಲ್ಲೇ ದೇವರಕಾಡು ಇದೆ. ಮಂಗಟ್ಟೆ, ಕಾಡುಪಾರಿವಾಳ, ಪಿಕಳಾರ, ಬಾವಲಿ, ಪುನುಗು ಬೆಕ್ಕು ಇವೆಲ್ಲ ನಿತ್ಯ ನಿಮ್ಮ ತೋಟಕ್ಕೆ ಬೀಜ ಬಿತ್ತುತ್ತಿವೆ. ನೇರಳೆ, ಅತ್ತಿ, ಬಸರಿ, ಸಂಪಿಗೆ, ರಾಳಧೂಪ ತಾವಾಗಿಯೇ ಹುಟ್ಟುತ್ತವೆ. ಹುಟ್ಟಿದ್ದನ್ನು ನಾವೇ ಕಳೆ ತೆಗೆಯುವಾಗ ಸವರಿಬಿಡುತ್ತೇವೆ. ಆದ್ದರಿಂದ ಮೊದಲ ಕೆಲಸ ನೆಡುವುದಲ್ಲ, ಗುರುತಿಸುವುದು. ಮುಂದಿನ ಕಳೆ ಕೆಲಸಕ್ಕೆ ಆಳು ಇಳಿಯುವ ಮೊದಲು ಸಾಲು ಸಾಲಾಗಿ ನಡೆದು, ಕಾಡುಮರದ ಸಸಿ ಕಂಡಲ್ಲೆಲ್ಲ ಮೂರಡಿ ಬಿದಿರಿನ ಗೂಟ ಹೊಡೆದು ತುದಿಗೆ ಸುಣ್ಣ ಬಳಿಯಿರಿ. ಗೂಟದ ಸುತ್ತ ಒಂದೂವರೆ ಅಡಿ ಕೈಕತ್ತಿಯಲ್ಲೇ ಬಿಡಿಸಬೇಕು. ವೀಡ್ ಕಟ್ಟರ್ ದಾರ ಸಸಿಯ ಬುಡಕ್ಕೆ ಒಮ್ಮೆ ತಾಗಿದರೆ ತೊಗಟೆ ಸುತ್ತಲೂ ಹರಿದು ಅದು ಒಣಗುತ್ತದೆ. ಕಳೆನಾಶಕ ಹೊಡೆಯುವ ತೋಟದಲ್ಲಿ ಈ ದಾರಿ ಪೂರ್ತಿ ಮುಚ್ಚಿದ ಹಾಗೆ.

ಹಕ್ಕಿ ತರಲಾರದ್ದನ್ನು ಮಾತ್ರ ನಾವು ನೆಡಬೇಕು. ಸಾಲುಧೂಪದ ಬೀಜ ಮುಷ್ಟಿಗಾತ್ರ, ಅದು ತಾಯಿಮರದ ಬುಡದಲ್ಲೇ ಬೀಳುತ್ತದೆ. ಹೆಬ್ಬಲಸು, ಹಲಸು, ನಾಗಸಂಪಿಗೆ ಕೂಡ ದೂರ ಹೋಗುವುದು ಕಡಿಮೆ. ತಾಯಿಮರ ಹತ್ತಿರ ಇಲ್ಲದಿದ್ದರೆ ಹೊನ್ನೆ, ನಂದಿಯಂತಹ ಗಾಳಿಬೀಜದವೂ ಬರುವುದಿಲ್ಲ.

ಪೂರ್ವಘಾಟಿ:
ಜಾತಿ ಆರಿಸುವಾಗ ಮಳೆ ನೋಡಿ. ಒಂದೇ ಜಿಲ್ಲೆಯಲ್ಲಿ ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿ.ಮೀ. ಮೀರಿ ಸುರಿಯುತ್ತದೆ, ಕುಶಾಲನಗರದ ಬಯಲಿಗೆ ಸುಮಾರು 1,000. ಸಾಲುಧೂಪ, ನಾಗಸಂಪಿಗೆ ಪಶ್ಚಿಮದ ಮಳೆಕಾಡಿನವು. ಸುಂಟಿಕೊಪ್ಪ ದಾಟಿ ಪೂರ್ವಕ್ಕೆ ಇಳಿದಂತೆ ಮತ್ತಿ, ಹೊನ್ನೆ, ಬೀಟೆ, ನಂದಿ, ದಿಂಡಿಗ, ನೆಲ್ಲಿ ಹೊಂದುತ್ತವೆ. ಮಾದಾಪುರ ನಡುವೆ ಬೀಳುತ್ತದೆ, ತೋಡಿನ ತಂಪಿನಲ್ಲಿ ಧೂಪ ಬರುತ್ತದೆ, ಬಿಸಿಲು ಬೀಳುವ ಏರಿನಲ್ಲಿ ಬರುವುದಿಲ್ಲ. ಪಕ್ಕದ ದೇವರಕಾಡಿನ ಅಂಚಿನಲ್ಲಿ ಯಾವ ಮರ ಇದೆಯೋ ಅದೇ ನಿಮ್ಮ ಪಟ್ಟಿ.

ಬೀಜಬುಟ್ಟಿ:
ಪೂರ್ವಘಾಟಿ ಹೇಳಿದ್ದು ಸರಿ. ಇನ್ನು ಬೀಜದ ವಿಷಯ. ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಮ್ಮ ಮಳೆಕಾಡಿನ ಮರಗಳ ಬೀಜ ಭತ್ತದ ಹಾಗಲ್ಲ, ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ಸಾಯುತ್ತದೆ. ಸಾಲುಧೂಪ, ಹೆಬ್ಬಲಸು, ನೇರಳೆ, ಹಲಸು ಎಲ್ಲ ಈ ಗುಂಪಿನವು. ಹೆಬ್ಬಲಸು ಮೇ, ಜೂನ್‌ನಲ್ಲಿ ಹಣ್ಣಾಗುತ್ತದೆ. ತೊಳೆ ಬಿಡಿಸಿ, ಬೀಜ ತೊಳೆದು, ಒಂದು ವಾರದೊಳಗೆ ಮಣ್ಣಿಗೆ ಹಾಕಿ. ಧೂಪವನ್ನು ಬಿದ್ದ ಎರಡು ಮೂರು ದಿನದಲ್ಲೇ ಹೆಕ್ಕಿ, ಒದ್ದೆ ಗೋಣಿಯಲ್ಲಿ ತಂದು, ಅರ್ಧ ಮಾತ್ರ ಮುಚ್ಚುವ ಹಾಗೆ ತೊಟ್ಟೆಯಲ್ಲಿ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ) ಕೂರಿಸಿ. ಮರದಡಿಯಲ್ಲೇ ಮೊಳಕೆ ಬಂದದ್ದಿದ್ದರೆ ಬೇರಿನ ತುದಿ ಮುರಿಯದ ಹಾಗೆ ಎತ್ತಬೇಕು. ನೇರಳೆ ಒಂದು ಬೀಜದಿಂದ ಎರಡು ಮೂರು ಸಸಿ ಏಳುವುದುಂಟು, ದಪ್ಪದ್ದು ಒಂದನ್ನು ಬಿಟ್ಟು ಉಳಿದದ್ದನ್ನು ಚಿವುಟಿ.

ಸಂಪಿಗೆಯ ಬೀಜಕ್ಕೆ ಕೆಂಪು ತೊಗಲು ಇರುತ್ತದೆ. ಅದನ್ನು ಮರಳಲ್ಲಿ ಉಜ್ಜಿ ತೆಗೆಯದೆ ಬಿತ್ತಿದರೆ ಇರುವೆ ಹೊತ್ತೊಯ್ಯುತ್ತವೆ ಅಥವಾ ಬೂಸ್ಟು ಹಿಡಿಯುತ್ತದೆ. ಉಜ್ಜಿ, ನೆರಳಲ್ಲಿ ಒಂದು ದಿನ ಆರಿಸಿ ಹಾಕಿ. ಮೊಳಕೆಗೆ ಒಂದೂವರೆ ಎರಡು ತಿಂಗಳೂ ಹಿಡಿಯಬಹುದು, ಬರಲಿಲ್ಲ ಅಂತ ಪಾತಿ ಕೆದಕಬೇಡಿ.

ಬಳಂಜಿಯದು ತದ್ವಿರುದ್ಧ ಸಮಸ್ಯೆ. ಬೀಜದ ಹೊದಿಕೆ ಕಲ್ಲಿನ ಹಾಗೆ, ನೀರು ಒಳಗೆ ಹೋಗುವುದೇ ಇಲ್ಲ. ಉಗುರು ಕತ್ತರಿಯಿಂದ ಬೀಜದ ಒಂದು ಬದಿಯನ್ನು, ಮೊಳಕೆಯ ಕಣ್ಣು ಇರುವ ಕಡೆ ಬಿಟ್ಟು, ಕಡಲೆ ಸಿಪ್ಪೆಯಷ್ಟು ಚಿವುಟಿ ರಾತ್ರಿ ನೆನೆಸಿದರೆ ಬೆಳಿಗ್ಗೆ ಊದಿರುತ್ತದೆ. ಊದದ್ದನ್ನು ಮತ್ತೆ ಚಿವುಟಿ. ಹೊನ್ನೆಗೆ ಕಾಯಿಯ ಸುತ್ತಲಿನ ರೆಕ್ಕೆ ಕತ್ತರಿಸಿ ಎರಡು ದಿನ ತಣ್ಣೀರಲ್ಲಿ ನೆನೆಸಬೇಕು, ನೀರು ದಿನಕ್ಕೊಮ್ಮೆ ಬದಲಿಸಿ.

ಅತ್ತಿ, ಬಸರಿ, ಗೋಳಿಗೆ ಬೀಜದ ತಂಟೆಯೇ ಬೇಡ. ಮಣಿಕಟ್ಟಿನಷ್ಟು ದಪ್ಪದ, 6ರಿಂದ 8 ಅಡಿಯ ನೇರ ಕೊಂಬೆ ಕಡಿದು, ತುದಿಗೆ ಸೆಗಣಿ ಮಣ್ಣು ಮೆತ್ತಿ, ಮುಂಗಾರು ಹಿಡಿದ ಮೇಲೆ ಎರಡಡಿ ಆಳಕ್ಕೆ ಹೂತು ಬುಡ ಗಟ್ಟಿಯಾಗಿ ತುಳಿಯಿರಿ. ಗಾಳಿಗೆ ಅಲ್ಲಾಡಿದರೆ ಬೇರು ಬಿಡುವುದಿಲ್ಲ.

ತೊಟ್ಟೆಗೆ ಕಾಫಿ ನರ್ಸರಿಯ ಮಿಶ್ರಣವೇ ನಡೆಯುತ್ತದೆ: ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಅಳತೆ ಮಾತ್ರ ದೊಡ್ಡದಿರಲಿ, 8×12 ಇಂಚು. ಸಣ್ಣ ತೊಟ್ಟೆಯಲ್ಲಿ ತಾಯಿಬೇರು ತಳಕ್ಕೆ ತಾಗಿ ಸುರುಳಿ ಸುತ್ತುತ್ತದೆ. ಆ ಸುರುಳಿ ಬಿಡಿಸದೆ ನೆಟ್ಟ ಮರ ಹತ್ತನೇ ವರ್ಷ ಗಾಳಿಗೆ ಬುಡಸಮೇತ ಉರುಳಿದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ. ನೆಡುವಾಗ ತಳದ ಒಂದು ಇಂಚು ತೊಟ್ಟೆಯನ್ನು ಮಣ್ಣುಸಹಿತ ಕತ್ತರಿಸಿ ತೆಗೆಯಿರಿ. ಮೂರು ನಾಲ್ಕಡಿ ಎತ್ತರದ ಎರಡು ವರ್ಷದ ಸಸಿ ನೆಟ್ಟರೆ ಕಳೆಯ ಮೇಲೆ ತಲೆ ಎತ್ತಿ ನಿಲ್ಲುತ್ತದೆ, ಒಂದಡಿಯದು ಮುಳುಗಿಹೋಗುತ್ತದೆ.

ಮೂರೆಕರೆ:
ದೇವರಕಾಡಿನೊಳಗೆ ಮರದಡಿ ಧೂಪದ ಸಸಿ ಹುಲ್ಲಿನ ಹಾಗೆ ಎದ್ದಿವೆ. ಅಲ್ಲಿಂದ ತರಬಹುದೇ? ನೆಡುವ ತಿಂಗಳು ಯಾವುದು?

ಬೀಜಬುಟ್ಟಿ:
ತರಬೇಡಿ. ಅಲ್ಲಿ ಕಡ್ಡಿ ಮುರಿಯಬಾರದು ಅನ್ನುವ ಕಟ್ಟುಪಾಡಿನಿಂದಲೇ ಆ ಕಾಡು ಉಳಿದಿದೆ. ಕೊಡಗಿನ ದೇವರಕಾಡುಗಳ ವಿಸ್ತೀರ್ಣ 1905ರಲ್ಲಿ 15,506 ಎಕರೆ ಇದ್ದದ್ದು 1985ರ ಹೊತ್ತಿಗೆ 6,299 ಎಕರೆಗೆ ಇಳಿಯಿತು. ಪಟ್ಟಿಯಲ್ಲಿ 1,214 ಕಾಡುಗಳಿವೆ, ಬಹಳಷ್ಟು ಒಂದೆರಡು ಎಕರೆಯ ತುಂಡುಗಳು. ಅಷ್ಟು ಸಣ್ಣ ತುಂಡಿನಲ್ಲಿ ಸಸಿ ಕಿತ್ತರೆ ಮುಂದಿನ ತಲೆಮಾರಿನ ಮರವನ್ನೇ ಕಿತ್ತ ಹಾಗೆ. ಗಡಿಯಿಂದ ಈಚೆ ನಿಮ್ಮ ಜಾಗದಲ್ಲಿ ಬಿದ್ದ ಬೀಜ ಹೆಕ್ಕಿ, ಇಲ್ಲವಾದರೆ ಪರಿಚಯದ ತೋಟಗಳಿಂದ ತನ್ನಿ. ಒಂದೇ ತಾಯಿಮರದ್ದು ಬೇಡ, ಸಾಧ್ಯವಾದರೆ ಹತ್ತು ಬೇರೆ ಬೇರೆ ಮರದ್ದು. ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ, ಇಲಾಖೆಯ ನರ್ಸರಿಗಳಲ್ಲೂ ವಿಚಾರಿಸಿ, ಆದರೆ ಬೇಸಿಗೆಯಲ್ಲೇ ಕೇಳಿಡಬೇಕು.

ನೆಡುವುದು ಜೂನ್ ಮೊದಲ ಎರಡು ವಾರ, ತಪ್ಪಿದರೆ ಕೈಲ್ ಮುಹೂರ್ತ (ಸೆಪ್ಟೆಂಬರ್ ಮೊದಲ ವಾರದ ಕೊಡವರ ಹಬ್ಬ) ಕಳೆದ ಮೇಲೆ. ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಹೊಡೆತದ ಮಳೆಯಲ್ಲಿ ಗುಂಡಿ ತೊಟ್ಟಿಯಾಗಿ ಬೇರು ಕೊಳೆಯುತ್ತದೆ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣನ್ನು ಬೇರೆ ಇಟ್ಟು ಅದನ್ನೇ ಕೆಳಗೆ ಹಾಕಿ. ಬುಡ ಸುತ್ತಲಿನ ನೆಲಕ್ಕಿಂತ ಎರಡು ಇಂಚು ಎತ್ತರ ನಿಲ್ಲಲಿ. ಮೂರು ವರ್ಷ ಬುಡ ಬಿಡಿಸಿ, ಡಿಸೆಂಬರ್‌ನಲ್ಲಿ ತರಗು ಮುಚ್ಚಿಗೆ ಕೊಡಿ, ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಏರುತ್ತದೆ.

ಮರಗಪಾತು:
ಓಕ್ ತೆಗೆಯುವ ವಿಷಯಕ್ಕೆ ಬರುತ್ತೇನೆ. ನಿಮ್ಮ 540 ಮರದಲ್ಲಿ ಬಳ್ಳಿ ಇಲ್ಲದ್ದು ಸುಮಾರು 180. ಎಕರೆಗೆ ವರ್ಷಕ್ಕೆ 20ರಂತೆ ಬಳ್ಳಿ ಇಲ್ಲದ್ದನ್ನು ಮಾತ್ರ ತೆಗೆಯಿರಿ, ಮೂರು ವರ್ಷ ಅದಕ್ಕೇ ಹೋಗುತ್ತದೆ. ಅಷ್ಟರಲ್ಲಿ ಹೊಸ ಸಸಿ ಕಾಫಿಗಿಂತ ಎತ್ತರ ಬಂದಿರುತ್ತವೆ. ಬಳ್ಳಿ ಇರುವ ಮರವನ್ನು ಬಳ್ಳಿಗೆ ವಯಸ್ಸಾಗುವ ತನಕ ಮುಟ್ಟಬೇಡಿ. ಬಲಿತ ಕಾಡುಮರದ ಬುಡಕ್ಕೆ ಹೊಸ ಬಳ್ಳಿ ಕೂರಿಸಿ, ಉತ್ತರ ದಿಕ್ಕಿಗೆ, ಬುಡದಿಂದ ಒಂದಡಿ ದೂರ. ಹಲಸು, ಮತ್ತಿ, ಹಾಲುವಾಣಕ್ಕೆ ಬಳ್ಳಿ ಚೆನ್ನಾಗಿ ಅಂಟುತ್ತದೆ. ನಂದಿ ತೊಗಟೆ ಕಳಚುವ ಮರ, ಬಳ್ಳಿ ತೊಗಟೆಯ ಜೊತೆ ಜಾರಿ ಬರುತ್ತದೆ.

ಕೊಯ್ಲು ಮುಗಿದು ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಮೊದಲು ಕಡಿಯಿರಿ. ಮೊದಲು ರೆಂಬೆ ಇಳಿಸಿ, ಆಮೇಲೆ ಹಗ್ಗ ಕಟ್ಟಿ ಸಾಲಿನ ನಡುವೆ ಬೀಳಿಸಿದರೆ ಗಿಡ ಮುರಿಯುವುದು ಕಡಿಮೆ.

ಹೂಮಳೆ:
ರೊಬಸ್ಟಾಗೆ ಇದು ಸರಿ, ಅರೇಬಿಕಾಗೆ ಒಪ್ಪುವುದಿಲ್ಲ. ಫೆಬ್ರುವರಿಯಲ್ಲಿ ನೆರಳು ತೆರೆದರೆ ಮಾರ್ಚ್, ಏಪ್ರಿಲ್ ಬಿಸಿಲು ನೇರ ಕಾಂಡಕ್ಕೆ ಹೊಡೆಯುತ್ತದೆ. ಬಿಳಿ ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್-ಮೇ ಮತ್ತೆ ಅಕ್ಟೋಬರ್-ಡಿಸೆಂಬರ್. ಅದು ಬಿಸಿಲು ಬಿದ್ದ ಕಾಂಡವನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಎರಡು ಎಕರೆ ಅರೇಬಿಕಾದಲ್ಲಿ ಎಕರೆಗೆ ಎಂಟು ಹತ್ತು ಮರಕ್ಕಿಂತ ಹೆಚ್ಚು ತೆಗೆಯಬೇಡಿ. ಅದನ್ನೂ ಬೇಸಿಗೆ ಮಳೆ ಬಂದ ಮೇಲೆ, ಮರ ಕಪಾತಿನ (ನೆರಳುಮರದ ರೆಂಬೆ ಸವರುವುದು) ಜೊತೆಗೇ ಮಾಡಿ. ತೆರವಾದ ಕಡೆ ಅದೇ ಮಳೆಗಾಲ ಹಾಲುವಾಣದ ಗೂಟ ನೆಟ್ಟರೆ ಮುಂದಿನ ಬೇಸಿಗೆಗೆ ಕೆಳನೆರಳು ಸಿಗುತ್ತದೆ.

ಇನ್ನೊಂದು ಮಾತು. ರೊಬಸ್ಟಾ ಹೂವಿಗೆ ಬೇರೆ ಗಿಡದ ಪರಾಗ ಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಆ ಕೆಲಸ ಬಹುಪಾಲು ಹೆಜ್ಜೇನು, ತುಡುವೆಯದು. ಹೆಜ್ಜೇನು ಕಟ್ಟುವುದು ಎತ್ತರದ ಹಳೆಯ ಅತ್ತಿ, ಬಸರಿಯಂತಹ ಮರಗಳಲ್ಲಿ. ಹೂವಿನ ವಾರದಲ್ಲಿ ಯಾವ ಕೀಟನಾಶಕವೂ ಬೇಡ. ಪೊಟರೆ ಇರುವ ಹಳೆಯ ಮರ, ಒಣಗಿ ನಿಂತದ್ದಾದರೂ ಮನೆ, ದಾರಿ, ಲೈನ್‌ಗಳ ಮೇಲೆ ಬೀಳುವಂತಿಲ್ಲದಿದ್ದರೆ ಬಿಡಿ. ಮಂಗಟ್ಟೆಯ ಹೆಣ್ಣು ಬೇಸಿಗೆಯುದ್ದಕ್ಕೂ ಪೊಟರೆಯೊಳಗೆ ಬಾಗಿಲು ಮುಚ್ಚಿಕೊಂಡು ಕೂತಿರುತ್ತದೆ. ಆ ತಿಂಗಳಲ್ಲಿ ಮರ ಬಿದ್ದರೆ ತಾಯಿ ಮರಿ ಎರಡೂ ಹೋದವು.

ಮರಗಪಾತು:
ಅರೇಬಿಕಾ ಬಗ್ಗೆ ಹೂಮಳೆಯವರ ಮಾತು ಒಪ್ಪಿದೆ. ಏಪ್ರಿಲ್ ಕೊನೆಯಲ್ಲಿ ಕಡಿದರೆ ಮಿಡಿ ಉದುರುವ ನಷ್ಟ ಸ್ವಲ್ಪ ಇದೆ, ಕೊರಕದ ನಷ್ಟಕ್ಕಿಂತ ಅದು ಕಡಿಮೆ.

ಬಾಣೆಪಹಣಿ:
ಇಷ್ಟೆಲ್ಲ ಮಾಡುವ ಮುಂಚೆ ಕಾಗದ ನೋಡಿ ಅಣ್ಣ. ಜನ ಕಾಡುಮರ ಬಿಟ್ಟು ಓಕಿಗೆ ಹೋದದ್ದಕ್ಕೆ ಅರ್ಧ ಕಾರಣ ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ಹಾಲುವಾಣ, ಗ್ಲಿರಿಸಿಡಿಯಾಗಳಿಗೆ ವಿನಾಯಿತಿ ಇದೆ, ಕಡಿಯಲು ಅನುಮತಿ ಬೇಡ. ಹೊನ್ನೆ, ನಂದಿ, ಬೀಟೆಗೆ ಅರ್ಜಿ, ಸರ್ವೆ, ಪರಿಶೀಲನೆ ಎಲ್ಲ ಬೇಕು. ಅದರ ಮೇಲೆ ಜಮ್ಮಾ ಬಾಣೆಯಲ್ಲಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ ಜಾಗ) ರಿಡೀಮ್ಡ್ ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ್ದು, ಅನ್‌ರಿಡೀಮ್ಡ್ ಅಂದರೆ ಕಟ್ಟದ್ದು ಅನ್ನುವ ಭೇದ. ಅನ್‌ರಿಡೀಮ್ಡ್ ಜಾಗದ ಮರದ ಬೆಲೆ ಸರ್ಕಾರದ್ದು. ನಾವೇ ಸಾಕಿದ ಮರ ನಮ್ಮದಲ್ಲ ಅಂತಾದರೆ ಯಾರು ತಾನೇ ಸಾಕುತ್ತಾರೆ? ನಮ್ಮ ಕಾಡುಮರಗಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ ಅಂತ ನನ್ನ ನಂಬಿಕೆ.

ಹಾಗಾಗಿ ಈಗಲೇ ದಾಖಲೆ ಮಾಡಿಟ್ಟುಕೊಳ್ಳಿ. ಸರ್ವೆ ನಂಬರ್, ಪಹಣಿಯ ನಕಲು, ನೆಟ್ಟ ದಿನ, ಜಾತಿ, ಸಸಿ ಕೊಂಡ ರಸೀದಿ, ಪ್ರತಿ ಮರದ ಸ್ಥಾನ ಫೋನಿನ ಜಿಪಿಎಸ್ ಫೋಟೊದಲ್ಲಿ. ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸೇರಿಸಿದರೆ ಬದುಕಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನ ಬರುತ್ತದೆ. ಹಣಕ್ಕಿಂತ ಮುಖ್ಯ, ಇದು ನೆಟ್ಟ ಮರ ಅನ್ನುವುದಕ್ಕೆ ಇಲಾಖೆಯ ಕಡತದಲ್ಲೇ ಸಾಕ್ಷಿ ಸಿಗುತ್ತದೆ.

ಕಡಂಗ:
ಆನೆ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ತೋಡಿಗೆ ಇಳಿಯುವ ದಾರಿ ಎಲ್ಲಿದೆ ಅಂತ ಮೊದಲು ನಕ್ಷೆ ಮಾಡಿ: ಲದ್ದಿ, ಬೇಲಿ ಮುರಿದ ಜಾಗ, ಮರಕ್ಕೆ ಮೈ ಉಜ್ಜಿದ ಕೆಸರಿನ ಗುರುತು. ಆ ಜಾಡಿನ ಎರಡೂ ಬದಿ ಸೇರಿ 40 ಅಡಿ ಬಿಟ್ಟುಬಿಡಿ, ಅಲ್ಲಿ ಸಸಿ ನೆಡಬೇಡಿ, ಬೇಲಿಯೂ ಬೇಡ. ದಾರಿ ಮುಚ್ಚಿದರೆ ಆನೆ ಹಿಂದೆ ಹೋಗುವುದಿಲ್ಲ, ಪಕ್ಕದ ಲೈನ್‌ಮನೆ (ಆಳುಗಳ ಸಾಲುಮನೆ) ಅಂಗಳದಲ್ಲಿ ಹಾದುಹೋಗುತ್ತದೆ. ಜೀವ ಹೋಗುವುದು ಅಂಥ ಕಡೆ.

ಹಲಸು ಬೇಡ ಅನ್ನುವವರಿದ್ದಾರೆ. ಕಡಿಯುವುದು ಬೇಡ. ಮನೆ, ಕಣ, ಲೈನ್‌ಮನೆಯಿಂದ ನೂರು ಗಜದೊಳಗಿನ ಮರಗಳ ಕಾಯನ್ನು ಏಪ್ರಿಲ್‌ನಲ್ಲಿ ಎಳೆಯದಾಗಿರುವಾಗಲೇ ಇಳಿಸಿ, ತೋಡಿನ ಆಚೆಯದನ್ನು ಬಿಡಿ. ಇಳಿಸಿದ ಕಾಯಿಯನ್ನು ಬುಡದಲ್ಲಿ ರಾಶಿ ಹಾಕಬೇಡಿ, ವಾಸನೆಗೇ ಬರುತ್ತವೆ.

ಸೋಲಾರ್ ಬೇಲಿ ಇಡೀ ಎಸ್ಟೇಟಿಗೆ ಹಾಕುವುದು ದಂಡ. ಮನೆ, ಕಣ, ನರ್ಸರಿಯನ್ನು ಸುತ್ತಿಸಿ. ವಿಫಲವಾಗುವ ಕಾರಣ ಬಹುಸಲ ಅರ್ಥಿಂಗ್. ಒಂದೂವರೆ ಮೀಟರ್ ಉದ್ದದ ಜಿಐ ಪೈಪ್ ಕನಿಷ್ಠ ಮೂರು, ಮೂರು ಮೀಟರ್ ಅಂತರದಲ್ಲಿ, ತೇವದ ಜಾಗದಲ್ಲಿ ಹೊಡೆಯಿರಿ. ಮಾರ್ಚ್‌ನಲ್ಲಿ ಮಣ್ಣು ಒಣಗಿದಾಗ ವಾರಕ್ಕೊಮ್ಮೆ ನೀರು ಸುರಿಯಿರಿ. ತಂತಿಯ ವೋಲ್ಟೇಜನ್ನು ಬೇಲಿಗೆಂದೇ ಸಿಗುವ ಮೀಟರಿನಲ್ಲಿ ಕೊನೆಯ ಕಂಬದ ಹತ್ತಿರ ನೋಡಿ, 5,000 ವೋಲ್ಟಿಗಿಂತ ಇಳಿದರೆ ಎಲ್ಲೋ ಬಳ್ಳಿ ತಾಗಿದೆ. ಜುಲೈನಲ್ಲಿ ವಾರಕ್ಕೊಮ್ಮೆ ತಂತಿಯಡಿ ಕಳೆ ಸವರದಿದ್ದರೆ ಬೇಲಿ ಇದ್ದೂ ಇಲ್ಲದ ಹಾಗೆ. ದಂತಕ್ಕೆ ಶಾಕ್ ತಾಗುವುದಿಲ್ಲ, ಸಲಗ ಅದರಲ್ಲೇ ಕಂಬ ಮುರಿಯುತ್ತದೆ. ಅದಕ್ಕೇ ಈಗ ಮೇಲಿನಿಂದ ತಂತಿ ಇಳಿಬಿಡುವ ತೂಗುಬೇಲಿ ಬಂದದ್ದು, ಮುಖಕ್ಕೆ, ಸೊಂಡಿಲಿಗೆ ತಾಗುತ್ತದೆ. ಕಂದಕ ನಮ್ಮ ಮಳೆಗೆ ಎರಡು ವರ್ಷದಲ್ಲಿ ಕುಸಿದು ಇಳಿಜಾರಾಗುತ್ತದೆ.

ನೇರ ಲೈನಿನ ಕರೆಂಟ್ ಬೇಲಿಗೆ ಕೊಡುವುದು ಕೊಲೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನ ಪ್ರಾಣಿ ಅದು. ಬೆಳಿಗ್ಗೆ ಹುಲ್ಲಿಗೆ ಹೋದ ಆಳಿಗೂ ಅದೇ ತಂತಿ ತಾಗುತ್ತದೆ.

ತೋಡುನೀರು:
ತೋಡಿನ ಎರಡೂ ದಡಕ್ಕೆ 30 ಅಡಿ ಮುಟ್ಟದೆ ಬಿಡಿ. ಅಲ್ಲಿ ವಾಟೆ, ಮುಂಡುಗ, ನೇರಳೆ, ಅತ್ತಿ. ಬೇರು ದಡ ಹಿಡಿದರೆ ನೀರುನಾಯಿಗೆ ಬಿಲ, ಮೀನಿಗೆ ನೆರಳು. ಮೆಣಸಿಗೆ ಶೇ. 1ರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಡ್ರಮ್, ಪಂಪ್ ತೋಡಿನಲ್ಲಿ ತೊಳೆಯಬೇಡಿ, ತಾಮ್ರ ಮೀನುಮರಿ, ಗೊದಮೊಟ್ಟೆಗಳನ್ನು ಕೊಲ್ಲುತ್ತದೆ. ಆ ನೀರನ್ನು ತೋಟದೊಳಗೇ ಚೆಲ್ಲಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರು ಹುಳಿ, ತೋಡಿಗೆ ಬಿಟ್ಟರೆ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಸುಣ್ಣ ಹಾಕಿ ಹುಳಿ ಕಳೆದು, ಹೊಂಡದಲ್ಲಿ ನಿಲ್ಲಿಸಿ.

ಮಾದಾಪುರ ಅಂದಿರಿ, ಆದ್ದರಿಂದ ಇದನ್ನೂ ಹೇಳಲೇಬೇಕು. 2018ರ ಆಗಸ್ಟ್‌ನಲ್ಲಿ ಜರಿದ ಬೆಟ್ಟಸಾಲು ಅದೇ ಸುತ್ತಿನದು. ಕಡಿದಾದ ಏರಿನಲ್ಲಿ ಇಂಗುಗುಂಡಿ ತೋಡಬೇಡಿ. ಆಳದ ಮಣ್ಣು ನೀರು ಕುಡಿದು ಭಾರವಾದಾಗ ಗುಂಡಿಯೇ ಬಿರುಕಿಗೆ ದಾರಿ ಮಾಡಿಕೊಡುತ್ತದೆ. ಗಿಡದ ಗುಂಡಿ ಸಹ ಒಂದಡಿಗೆ ಇಳಿಸಿ. ಜೆಸಿಬಿಯಲ್ಲಿ ಏರಿನ ಬುಡ ಕಡಿದು ದಾರಿ ಮಾಡುವುದಂತೂ ಬೇಡವೇ ಬೇಡ. ಅಡ್ಡಸಾಲಿಗೆ ಲಾವಂಚ ನೆಡಿ, ಗಿಡದಿಂದ ಗಿಡಕ್ಕೆ ಗೇಣಿಗಿಂತ ಕಡಿಮೆ, ಒಂದು ಸಾಲಿಂದ ಇನ್ನೊಂದಕ್ಕೆ ಆಳೆತ್ತರದ ಇಳಿತ. ಮಳೆಯಲ್ಲಿ ನೆಲದ ಬಿರುಕು, ವಾಲಿದ ಮರ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ನಿಲ್ಲುವುದು ಕಂಡರೆ ಕೆಳಗಿನ ಮನೆಯವರನ್ನು ಆ ಗಳಿಗೆಯೇ ಎಬ್ಬಿಸಿ.

ಮೂರೆಕರೆ:
ಎಲ್ಲ ಬರೆದುಕೊಂಡೆ. ದೇವರಕಾಡಿನ ಅಂಚಿನಲ್ಲಿ ನಮ್ಮ ಕಡೆಗೆ ಅರ್ಧ ಎಕರೆಯಷ್ಟು ಲಂಟಾನ ಮೆಳೆ ಇದೆ. ಕಡಿದಷ್ಟೂ ಚಿಗುರುತ್ತದೆ.

ಪೂರ್ವಘಾಟಿ:
ಕಡಿಯುವುದರಿಂದಲೇ ಚಿಗುರುವುದು. ಕಾಂಡ ಬೇರಿಗೆ ಸೇರುವ ಗಂಟಿನಿಂದ ಚಿಗುರು ಬರುತ್ತದೆ. ಗುದ್ದಲಿಯಿಂದ ಬುಡ ಬಿಡಿಸಿ, ಆ ಗಂಟಿನ ಕೆಳಗೆ ಎರಡು ಇಂಚು ಮಣ್ಣೊಳಗೆ ತಾಯಿಬೇರು ಕತ್ತರಿಸಿ, ಮೆಳೆಯನ್ನು ತಲೆಕೆಳಗು ಮಾಡಿ ಅಲ್ಲೇ ಒಣಗಲು ಬಿಡಿ. ಬೇರು ಮಣ್ಣಿಗೆ ತಾಗಬಾರದು. ಮಣ್ಣು ಮೆತ್ತಗಿರುವ, ಕಾಯಿ ಹಣ್ಣಾಗುವ ಮೊದಲಿನ ಹೊತ್ತು ನೋಡಿ. ಅರ್ಧ ಎಕರೆ ಒಟ್ಟಿಗೆ ಬಯಲು ಮಾಡಬೇಡಿ, ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ನುಗ್ಗುತ್ತದೆ. ಐದು ಸೆಂಟಿನಂತೆ ತೆರೆದು, ಒಳಗೆ ಸಿಕ್ಕಿದ ಕಾಡುಸಸಿಗೆ ಗೂಟ ಹೊಡೆದು, ಮುಂದಿನ ಮೂರು ಮಳೆಗಾಲ ಲಂಟಾನದ ಹೊಸ ಸಸಿ ಕೈಯಲ್ಲಿ ಕೀಳಿ. ಹಕ್ಕಿ ಕೂರುವ ಮರದಡಿ ಹೆಚ್ಚು ಹುಟ್ಟುತ್ತವೆ, ಅಲ್ಲಿ ಮೊದಲು ನೋಡಿ. ದೇವರಕಾಡಿನ ಗಡಿ ದಾಟಿ ತೆಗೆಯುವುದಾದರೆ ದೇವಸ್ಥಾನ ಸಮಿತಿ, ಇಲಾಖೆ ಇಬ್ಬರನ್ನೂ ಕೇಳಿಯೇ ಮಾಡಿ. ಒಳಗಿನ ದಪ್ಪ ಬಳ್ಳಿಗಳು ಕಳೆಯಲ್ಲ, ಅವನ್ನು ಕಡಿಸಬೇಡಿ.

ಬೀಜಬುಟ್ಟಿ:
ಲಂಟಾನದಡಿಯಲ್ಲಿ ಸಂಪಿಗೆ, ನೇರಳೆ ಸಸಿ ಖಂಡಿತ ಇರುತ್ತವೆ, ಮುಳ್ಳಿನಿಂದಾಗಿ ಕಡವೆ ಬಾಯಿಗೆ ಸಿಗದೆ ಉಳಿದವು. ಬೆಳಕಿಲ್ಲದೆ ಸಣಕಲಾಗಿ ಉದ್ದ ಬಂದಿದ್ದರೆ ಮೆಳೆ ತೆಗೆದ ದಿನವೇ ಊರುಗೋಲು ಕಟ್ಟಿ, ಇಲ್ಲವಾದರೆ ಮೊದಲ ಮಳೆಗೇ ಮಲಗುತ್ತವೆ. ನೀವು ಗೂಟ ಹೊಡೆದು ಎಣಿಸಿ ಜಾತಿವಾರು ಸಂಖ್ಯೆ ಇಲ್ಲಿ ಹಾಕಿ. 150ರಲ್ಲಿ ಎಷ್ಟು ಕಡಿಮೆ ಬೀಳುತ್ತದೋ ಅಷ್ಟಕ್ಕೆ ಮಾತ್ರ ಮೇ ತಿಂಗಳಿಗೆ ತೊಟ್ಟೆ ತುಂಬಿಸಿ.